ಬಾಗಿಲ ಹಿಂದಿನ ಲೆಕ್ಕ

(ಶಿಡ್ಲಘಟ್ಟದ ಕಡೆಯ ಒಂದು ಪ್ರೌಢಶಾಲೆಯ ಪೋಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವ ಅಮ್ಮಂದಿರು ದಯವಿಟ್ಟು ಮುಂದೆ ಬನ್ನಿ. ಇಲ್ಲಿ ಕುರ್ಚಿ ಖಾಲಿ ಇವೆ. ಈ ಮಾತು ನಿಮಗೂ ಸೇರಿದ್ದು.

ಮಕ್ಕಳ ಭವಿಷ್ಯದ ಬಗ್ಗೆ ಮಾತಾಡಿ ಅಂತ ಮೇಷ್ಟ್ರು ಹೇಳಿದ್ದಾರೆ. ಭವಿಷ್ಯ ಅನ್ನೋದು ದೊಡ್ಡ ಮಾತು. ನನಗೆ ಗೊತ್ತಿರುವುದು ಒಬ್ಬ ಅಪ್ಪನ ಕನಸು. ಅದು ಹೇಗೆ ಹುಟ್ಟಿತು, ಅದಕ್ಕೆ ಯಾರು ಯಾರು ದುಡಿದರು, ಅದರಲ್ಲಿ ಯಾರಿಗೆ ಎಷ್ಟು ಸಿಕ್ಕಿತು, ಅಷ್ಟನ್ನು ಹೇಳುತ್ತೇನೆ.

ನಮ್ಮಪ್ಪನಿಗೆ ಬಿಸಿ ಗೊತ್ತಾಗುತ್ತಿರಲಿಲ್ಲ. ಅಮ್ಮ ಒಲೆಯಿಂದ ಇಳಿಸಿದ ಕಾಫಿಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿದರೆ ಅಪ್ಪ ಬರಿಗೈಯಲ್ಲಿ ಹಿಡಿದು ಸೀದಾ ನಮ್ಮ ಕೈಗೆ ಕೊಡುತ್ತಿದ್ದರು. ನಾವು ಅಯ್ಯೋ ಅಂತ ಕೆಳಗೆ ಹಾಕುತ್ತಿದ್ದೆವು. ಅಪ್ಪ ಪ್ರತಿ ಸಲವೂ ಗಾಬರಿಯಾಗಿ, "ಸುಡ್ತಾ ಐತಾ?" ಅಂತ ಕೇಳುತ್ತಿದ್ದರು. ಅವರ ಬೆರಳ ತುದಿಗಳು ಬೆಳ್ಳಗೆ, ದಪ್ಪಗೆ, ನುಣ್ಣಗಿದ್ದವು. ರೇಖೆಯೇ ಇರಲಿಲ್ಲ. ಮುಂದೆ ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಮಿಷನ್ ಬಂದಾಗ ನಾಲ್ಕೈದು ಸಲ ಒತ್ತಿದರೂ ಅದು ಅಪ್ಪನನ್ನು ಗುರುತು ಹಿಡಿಯುತ್ತಿರಲಿಲ್ಲ.

ಯಾಕೆ ಅಂತ ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತು. ಅಪ್ಪ ಒಂಬತ್ತನೇ ವಯಸ್ಸಿಗೆ ಚರಕಕ್ಕೆ ಹೋದವರು. ಗಾಂಧೀಜಿಯ ಚರಕ ಅಲ್ಲ, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಚರಕ. ಕುದಿಯುವ ನೀರಿನಲ್ಲಿ ಗೂಡು ತೇಲುತ್ತಿರುತ್ತದೆ. ಬೆರಳು ಅದ್ದಿ ಎಳೆಯ ತುದಿ ಹುಡುಕಬೇಕು. ಎಂಟು ಹತ್ತು ಗೂಡಿನ ಎಳೆ ಸೇರಿಸಿ ಮೇಲಕ್ಕೆ ಕೊಡಬೇಕು. ಎಳೆ ತುಂಡಾದರೆ ಮತ್ತೆ ಕೈ ನೀರಿಗೆ. ಬೆಳಗಿನ ಜಾವದಿಂದ ಸಂಜೆವರೆಗೂ ಇದೇ ಕೆಲಸ. ನಮ್ಮ ತಾತ ಯಾವುದೋ ಕಷ್ಟಕ್ಕೆ ಮುನ್ನೂರು ರೂಪಾಯಿ ಮುಂಗಡ ತಗೊಂಡಿದ್ದರು. ಆ ಸಾಲ ತೀರುವವರೆಗೂ ಹುಡುಗ ಅಲ್ಲೇ ಇರಬೇಕು ಅಂತ ಮಾತಾಗಿತ್ತು. ಏಳು ವರ್ಷ ಆಯಿತು. ಇದು 1964ರ ಸುಮಾರಿನ ಮಾತು. ಜೀತ ಪದ್ಧತಿ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ಅಷ್ಟು ಹೊತ್ತಿಗೆ ಅಪ್ಪನ ಬಾಲ್ಯ ಮುಗಿದು, ಮೀಸೆ ಬಂದು, ಮದುವೆ ಗೊತ್ತಾಗಿತ್ತು.

ಅಪ್ಪನ ಕನಸು ಆ ನೀರಿನಲ್ಲೇ ಹುಟ್ಟಿತು ಅಂತ ನಾನು ನಂಬಿದ್ದೇನೆ. ನನ್ನ ಮಕ್ಕಳ ಕೈ ಬಿಸಿನೀರಿಗೆ ಹೋಗಬಾರದು. ಇಷ್ಟೇ ಆ ಕನಸು. ಬಡ ಅಪ್ಪನ ಕನಸು ಹೆಚ್ಚಿನ ಸಲ ಹೀಗೆ 'ಬಾರದು' ಅಂತಲೇ ಶುರುವಾಗುತ್ತದೆ. ನನ್ನ ಹಾಗೆ ಆಗಬಾರದು, ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಲ್ಲಬಾರದು. ಏನಾಗಬೇಕು ಅನ್ನುವುದು ಅವರಿಗೆ ಅಷ್ಟು ಸ್ಪಷ್ಟ ಇರುವುದಿಲ್ಲ. ಅದಕ್ಕೆ ಊರಲ್ಲಿ ಯಾರಾದರೂ ಗೆದ್ದವರನ್ನು ನೋಡುತ್ತಾರೆ. ನಮ್ಮೂರಿನಲ್ಲಿ ಒಬ್ಬರ ಮಗ ಇಂಜಿನಿಯರ್ ಆಗಿ ಬೆಂಗಳೂರಿನಲ್ಲಿ ಸೈಟು ತಗೊಂಡಿದ್ದ. ಅಪ್ಪನ ಕನಸಿಗೆ ಅವತ್ತಿಂದ ಇಂಜಿನಿಯರ್ ಅಂತ ಹೆಸರು ಬಂತು. ಯಾವ ಮಗು ಇಂಜಿನಿಯರ್ ಆಗುತ್ತೆ ಅನ್ನೋದೂ ತಾನಾಗೇ ತೀರ್ಮಾನ ಆಯಿತು. ತಮ್ಮ ಆಗ ಇನ್ನೂ ತೊಟ್ಟಿಲಲ್ಲಿದ್ದ.

ಚರಕ ಬಿಟ್ಟ ಮೇಲೆ ಅಪ್ಪ ಕೂಲಿ ಮಾಡಿದರು, ಬೆಳೆಯಲ್ಲಿ ಪಾಲು ಕೊಡುವ ಕೋರಿಗೆ ಬೇರೆಯವರ ತೋಟ ಮಾಡಿದರು. ಕಡೆಗೆ ಒಂದು ಎಕರೆ ಹತ್ತು ಗುಂಟೆ ಕೊಂಡರು. ತಾತನಿಂದ ಬಂದ ಹದಿನೈದು ಗುಂಟೆ ಖುಷ್ಕಿ ಬೇರೆ ಇತ್ತು. ಅದಕ್ಕೆಲ್ಲ ಹಿಪ್ಪುನೇರಳೆ ಹಾಕಿದರು. ನೂಲು ಬಿಚ್ಚುತ್ತಿದ್ದವರು ಈಗ ಹುಳು ಸಾಕುವವರಾದರು. ನಮ್ಮ ಸೀಮೆಯಲ್ಲಿ ಅದು ದೊಡ್ಡ ಮೆಟ್ಟಿಲು. ಟಿಪ್ಪು ಕಾಲದಿಂದ ಈ ಕಡೆ ರೇಷ್ಮೆ ಇದೆ. ಆದರೆ ಒಂದೇ ಹುಳುವಿನ ಸುತ್ತ ಬದುಕುವ ಜನರಲ್ಲಿ ಸೊಪ್ಪು ಬೆಳೆಯುವವನು ಬೇರೆ, ನೂಲು ಬಿಚ್ಚುವವನು ಬೇರೆ, ವ್ಯಾಪಾರಿ ಬೇರೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುವುದು ಸುಲಭ ಅಲ್ಲ.

ರೇಷ್ಮೆಯ ವಿಶೇಷ ಏನಂದ್ರೆ ಅದು ತಿಂಗಳ ಬೆಳೆ. ರಾಗಿ ವರ್ಷಕ್ಕೊಂದು ಸಲ ಕೈಗೆ ಬರುತ್ತೆ. ರೇಷ್ಮೆ ಒಂದು ತಿಂಗಳೊಳಗೆ ದುಡ್ಡು ತೋರಿಸುತ್ತದೆ. ಮೊಟ್ಟೆ ಒಡೆದು ಹುಳು ಗೂಡು ಕಟ್ಟುವುದಕ್ಕೆ ಇಪ್ಪತ್ತೈದು ದಿನದ ಆಸುಪಾಸು. ವರ್ಷಕ್ಕೆ ಐದು ಬೆಳೆ ತೆಗೆಯಬಹುದು. ಸಣ್ಣ ಹಿಡುವಳಿಯವನಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಬೇಸಾಯ ಇನ್ನೊಂದಿಲ್ಲ. ಆದರೆ ಅದು ಮನೆಯವರೆಲ್ಲರ ಮೈಯನ್ನು ಕೇಳುತ್ತದೆ. ಹುಳುವಿಗೆ ನಾಲ್ಕು ಜ್ವರ. ಜ್ವರ ಅಂದರೆ ಕಾಯಿಲೆ ಅಲ್ಲ ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹುಳು ತಿನ್ನೋದು ಬಿಟ್ಟು ತಲೆ ಎತ್ತಿ ಸುಮ್ನೆ ಕೂತು ಪೊರೆ ಬಿಡುವ ಹೊತ್ತು ಅದು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅದರ ಹಸಿವಿಗೆ ಕೊನೆಯೇ ಇಲ್ಲ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಜಾಸ್ತಿ ಆ ಒಂದೇ ವಾರದಲ್ಲಿ ತಿನ್ನುತ್ತದೆ. ಆ ವಾರ ನಮ್ಮ ಮನೆಯಲ್ಲಿ ಯಾರೂ ಪೂರ್ತಿ ನಿದ್ದೆ ಮಾಡುತ್ತಿರಲಿಲ್ಲ. ಸೊಪ್ಪು ಬಿಡಿಸುವುದು, ಹೊರುವುದು, ಹಾಕುವುದು, ಹಿಕ್ಕೆ ತೆಗೆಯುವುದು. ಹುಳು ಹಣ್ಣಾದ ಮೇಲೆ ಒಂದೊಂದಾಗಿ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟೆಗೆ ಬಿಡುವುದು. ಇದರಲ್ಲಿ ಹೆಂಗಸರ ಕೈ ಎಷ್ಟಿರುತ್ತೆ ಅಂತ ನಿಮಗೇ ಗೊತ್ತು. ಮಾರ್ಕೆಟ್ಟಿಗೆ ಗೂಡು ತಗೊಂಡು ಹೋಗುವುದು ಮಾತ್ರ ಗಂಡಸರು. ಹರಾಜಿನ ಚೀಟಿಯಲ್ಲಿ ಹೆಸರೂ ಅವರದೇ.

ಈಗ ಬಾಗಿಲ ವಿಷಯಕ್ಕೆ ಬರುತ್ತೇನೆ.

ಅಪ್ಪನಿಗೆ ಓದು ಬರೆಹ ಬರುತ್ತಿರಲಿಲ್ಲ. ಅಂಕಿ ಗೊತ್ತಿತ್ತು. ಪ್ರತಿ ಬೆಳೆಯ ಲೆಕ್ಕ ಇಡಲೇಬೇಕು ಅಂತ ಹಟ ಇತ್ತು. ಚರಕದ ಮನೆಯಲ್ಲಿ ಲೆಕ್ಕ ಧಣಿಯ ಪುಸ್ತಕದಲ್ಲಿ ಮಾತ್ರ ಇತ್ತಂತೆ. ಏಳು ವರ್ಷದಲ್ಲಿ ಎಷ್ಟು ತೀರಿತು, ಎಷ್ಟು ಬಾಕಿ ಅಂತ ಇವರಿಗೆ ಒಂದು ಸಲವೂ ತಿಳಿಯಲಿಲ್ಲ. ಅದಕ್ಕೇ ಇರಬೇಕು ಈ ಹಟ. ಹುಳುಮನೆ ಗೋಡೆ ಮೇಲೆ ಬರೆದರೆ ನಿಲ್ಲುವುದಿಲ್ಲ. ಪ್ರತಿ ಬೆಳೆಗೂ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಫಾರ್ಮಲಿನ್ ಹೊಡೆಯಬೇಕಲ್ಲ. ಹಾಗಾಗಿ ನಡುಮನೆ ಬಾಗಿಲ ಹಿಂದೆ ಮೊಳೆಯಿಂದ ಕೆತ್ತುತ್ತಿದ್ದರು. ಒಂದು ಬೆಳೆಗೆ ಒಂದು ಸಾಲು. ಮೊದಲು ಗೂಡಿನ ತೂಕ. ಅದರ ಮುಂದೆ ಒಂದು ಗುರುತು. ಆ ಬೆಳೆಯ ದುಡ್ಡು ಯಾವುದಕ್ಕೆ ಹೋಯಿತು ಅನ್ನುವುದಕ್ಕೆ ಆ ಗುರುತು. ಚೌಕ ಇದ್ದರೆ ಪಾಟಿ, ಅಂದರೆ ಸ್ಕೂಲ್ ಫೀಸು. ಉದ್ದ ಗೆರೆ ಇದ್ದರೆ ಬೋರು. ಸೊನ್ನೆಯೊಳಗೆ ಚುಕ್ಕೆ ಇದ್ದರೆ ಸೊಸೈಟಿ ಸಾಲ. ತ್ರಿಕೋನ ಇದ್ದರೆ ಮನೆ. ಜೋಡಿ ಸೊನ್ನೆ ಅಂದರೆ ಬಳೆ, ಅಂದರೆ ಮದುವೆ. ಕಾಟು ಹೊಡೆದಿದ್ದರೆ ಬೆಳೆ ಹೋಯಿತು ಅಂತ ಅರ್ಥ.

ಬೆಳೆ ಹೋಗುವುದಕ್ಕೆ ಕಾರಣ ಒಂದಾ ಎರಡಾ. ಹಾಲುತೊಂಡೆ ಬಂದರೆ ಹುಳು ಊದಿಕೊಂಡು ಒಡೆದು ಹಾಲಿನಂಥ ನೀರು ಸುರಿಸುತ್ತದೆ. ಸುಣ್ಣಕಟ್ಟು ಬಂದರೆ ಸೀಮೆಸುಣ್ಣದ ಹಾಗೆ ಬಿರುಸಾಗುತ್ತದೆ. ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಪಶ್ಚಿಮ ಬಂಗಾಳದ ಗೂಡಿನ ಜೊತೆ. ಅಪ್ಪ ಆಗ ತಾನೇ ಸ್ವಂತಕ್ಕೆ ಹುಳು ಸಾಕೋಕೆ ಶುರುಮಾಡಿದ್ದರು. ನೊಣ ಬಂದು ಹುಳುವಿನ ಮೈ ಮೇಲೆ ಒಂದು ಮೊಟ್ಟೆ ಇಟ್ಟು ಹೋದರೆ ಮುಗಿಯಿತು. ಕಿಟಕಿಗೆಲ್ಲ ಜಾಲರಿ ಹೊಡೆಯುವ ತನಕ ಅಮ್ಮ ಹಳೇ ಸೀರೆಗಳನ್ನೇ ಕಟ್ಟಿದ್ದರು.

ಬೋರಿನ ಗೆರೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರ್ಷಪೂರ್ತಿ ಹರಿಯುವ ಹೊಳೆ ಇಲ್ಲದ ಸೀಮೆ ನಮ್ಮದು. ನಮ್ಮ ಮೊದಲ ಬೋರಿಗೆ 180 ಅಡಿಯಲ್ಲಿ ನೀರು ಬಂತು. ಕೊನೆಯದಕ್ಕೆ 1,200 ಅಡಿ ಇಳಿಸಿದರೂ ಧೂಳೇ ಬಂತು. ರಾತ್ರಿ ಎಲ್ಲ ಲಾರಿ ಸದ್ದು ಕೇಳುತ್ತಾ ಮಲಗಿದ ಮಕ್ಕಳು ಇಲ್ಲಿ ಎಷ್ಟು ಜನ ಇದ್ದೀರೋ. ಬೆಳಗ್ಗೆ ಎದ್ದು ಅಪ್ಪನ ಮುಖ ನೋಡಿದರೆ ಸಾಕು, ನೀರು ಬಂತೋ ಇಲ್ಲವೋ ತಿಳಿದುಬಿಡುತ್ತದೆ.

ನಾವು ಮೂರು ಜನ ಮಕ್ಕಳು. ಅಕ್ಕ, ನಾನು, ತಮ್ಮ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. 1994ರ ಮಾರ್ಚಿನಲ್ಲಿ ಅವಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ನನಗಾಗ ಹನ್ನೊಂದು ವರ್ಷ. ಅದೇ ಹೊತ್ತಿಗೆ ನಮ್ಮ ಹುಳು ನಾಲ್ಕನೇ ಜ್ವರ ಎದ್ದವು. ನೂರೈವತ್ತು ಮೊಟ್ಟೆಯ ಹುಳು, ಅಂದರೆ ನೂರೈವತ್ತು ಚಿಟ್ಟೆ ಇಟ್ಟ ಮೊಟ್ಟೆಗಳದು. ಅಮ್ಮನಿಗೆ ಟೈಫಾಯ್ಡ್ ಬಂದು ಮಲಗಿದ್ದರು. ಪಕ್ಕದೂರಿನ ಜಾತ್ರೆ ಅಂತ ಕೂಲಿಯವರು ಬರಲಿಲ್ಲ. ಅಪ್ಪ, ಅಕ್ಕ, ನಾನು, ಮೂರೇ ಜನ.

ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಹುಳುಮನೆಯಲ್ಲಿ ಒಂದು ಬಲ್ಬು. ಹುಳು ಸಾಕುವ ತಟ್ಟೆಯ ಅಂಚಿಗೆ ಅಕ್ಕ ಗಣಿತದ ಪುಸ್ತಕ ಒರಗಿಸಿಕೊಂಡಿದ್ದಳು. ಸೊಪ್ಪು ಹಾಕುತ್ತಾ ಓದುತ್ತಿದ್ದಳು. ಓದುತ್ತಾ ಓದುತ್ತಾ ಪುಸ್ತಕದ ಮೇಲೂ ಸೊಪ್ಪು ಹಾಕಿಬಿಟ್ಟಳು. ಬೆಳಗ್ಗೆ ನೋಡಿದರೆ ಪುಸ್ತಕದ ಮೇಲೆ ಹುಳು ಹತ್ತಿ ಸೊಪ್ಪನ್ನೆಲ್ಲ ಮೇಯ್ದು, ಹಾಳೆ ಮೇಲೆ ಹಿಕ್ಕೆ ಹಾಕಿದ್ದವು. ಅವಳು ನಾಲ್ಕು ಗಂಟೆಗೆ ಎದ್ದು ಒಂದು ಸುತ್ತು ಸೊಪ್ಪು ಬಿಡಿಸಿ ಕೊಟ್ಟು, ಸ್ನಾನ ಮಾಡಿ, ಎರಡು ಜಡೆ ಹಾಕಿಕೊಂಡು ಬಸ್ಸಿಗೆ ಓಡಿದಳು. ಬೆರಳಿಗೆ ಸೊಪ್ಪಿನ ಕರೆ ಹಾಗೇ ಇತ್ತು.

ಗಣಿತದಲ್ಲಿ 28 ಬಂತು. ಪಾಸಿಗೆ 35 ಬೇಕು. ಉಳಿದ ಎಲ್ಲ ವಿಷಯದಲ್ಲೂ ಪಾಸು, ಕನ್ನಡದಲ್ಲಿ ಶಾಲೆಗೇ ಜಾಸ್ತಿ ನಂಬರು.

ಈಗ ನಾನು ಹೇಳುವುದನ್ನು ಅಪ್ಪಂದಿರು ದಯವಿಟ್ಟು ಗಮನ ಇಟ್ಟು ಕೇಳಬೇಕು. ನಮ್ಮಪ್ಪ ಅಕ್ಕನಿಗೆ ಓದಬೇಡ ಅಂತ ಒಂದು ದಿನವೂ ಅನ್ನಲಿಲ್ಲ. ಬೈಯಲಿಲ್ಲ, ಪುಸ್ತಕ ಕಿತ್ತುಕೊಳ್ಳಲಿಲ್ಲ. ಅಕ್ಟೋಬರಿನಲ್ಲಿ ಕಟ್ಟಿಸೋಣ ಅಂದರು. ಅಕ್ಟೋಬರಿನಲ್ಲಿ ಇನ್ನೊಂದು ಬೆಳೆ ಇತ್ತು. "ಈ ಬೆಳೆ ಆಗ್ಲಿ ಕಣಮ್ಮ" ಅಂದರು. ಮುಂದಿನ ಮಾರ್ಚಿನಲ್ಲಿ ಬೋರು ಕೈಕೊಟ್ಟಿತು. ಈ ಬೆಳೆ ಆಗಲಿ. ಆಮೇಲೆ ತಮ್ಮನಿಗೆ ಕಾನ್ವೆಂಟಿನ ಫೀಸು ಜಾಸ್ತಿ ಮಾಡಿದರು. ಈ ಬೆಳೆ ಆಗಲಿ. ಹೀಗೆ ಆರು ಏಳು ಬೆಳೆ ಆಗುವ ಹೊತ್ತಿಗೆ ಗಂಡಿನ ಕಡೆಯವರು ನೋಡಲು ಬಂದರು. ಅಕ್ಕನಿಗೆ ಹದಿನೆಂಟು ತುಂಬಿತ್ತು. ಯಾರೂ ಬಾಗಿಲು ಹಾಕಲಿಲ್ಲ. ಹಾಗೇ ಕತ್ತಲಾಯಿತು.

ಬೇಡ ಅಂದಿದ್ದರೆ ಅಕ್ಕ ಜಗಳವಾದರೂ ಆಡುತ್ತಿದ್ದಳು. ಅಳುತ್ತಿದ್ದಳು, ಮೇಷ್ಟ್ರ ಹತ್ತಿರ ಹೇಳಿಸುತ್ತಿದ್ದಳು. 'ಈ ಬೆಳೆ ಆಗಲಿ' ಅಂದರೆ ಯಾರ ಜೊತೆ ಜಗಳ ಆಡುವುದು? ಮನೆಯ ಕಷ್ಟ ಅವಳಿಗೂ ಕಾಣುತ್ತಿತ್ತಲ್ಲ.

ನಾನು ಯಾಕೆ ಓದಿದೆ? ನನ್ನ ಸರದಿ ಬರುವ ಹೊತ್ತಿಗೆ ಅಕ್ಕನ ಕೈ ಪಳಗಿತ್ತು. ಅವಳ ಮದುವೆ ಆದದ್ದು ಆರು ಕಿಲೋಮೀಟರ್ ದೂರದ ಊರಿಗೆ. 1999ರಲ್ಲಿ ನನ್ನ ಪರೀಕ್ಷೆ ಬಂದಾಗ ಅವಳು ತನ್ನ ಮನೆಯ ಕೆಲಸ ಮುಗಿಸಿ ನಮ್ಮ ಮನೆಗೆ ಬಂದು ಸೊಪ್ಪು ಹಾಕುತ್ತಿದ್ದಳು. "ನೀನು ಹುಳುಮನೆಗೆ ಬಂದ್ರೆ ಕಾಲು ಮುರೀತೀನಿ" ಅನ್ನುತ್ತಿದ್ದಳು. ನಾನು ಬಿ.ಕಾಂ. ಮಾಡಿದೆ, ಬ್ಯಾಂಕಿನ ಪರೀಕ್ಷೆ ಕಟ್ಟಿದೆ. ತಮ್ಮ 2004ರಲ್ಲಿ ಸಿಇಟಿ ಬರೆದು ಇಂಜಿನಿಯರಿಂಗ್ ಸೀಟು ತಗೊಂಡ. ಅಪ್ಪನ ಕನಸು ಈಡೇರಿತು ಅಂತ ಊರೆಲ್ಲ ಅಂದಿತು. ಅದು ಸುಳ್ಳಲ್ಲ. ಅವತ್ತು ಅಪ್ಪ ಸಂತೋಷಕ್ಕೆ ಅತ್ತಿದ್ದನ್ನು ನಾನೇ ನೋಡಿದ್ದೇನೆ.

2012ರಲ್ಲಿ ಮನೆ ಕೆಡವಿ ಕಟ್ಟಿದೆವು. ಅದಕ್ಕೆ ಮುಂಚಿನ ವರ್ಷ ಕೇಂದ್ರ ಬಜೆಟ್ಟಿನಲ್ಲಿ ಹೊರಗಿನ ರೇಷ್ಮೆಯ ಆಮದು ಸುಂಕವನ್ನು 30ರಿಂದ 5 ಪರ್ಸೆಂಟಿಗೆ ಇಳಿಸಿದ್ದರು. ಚೀನಾ ರೇಷ್ಮೆ ಅಗ್ಗವಾಗಿ ಗೂಡಿನ ಬೆಲೆ ಬಿದ್ದುಹೋಗಿತ್ತು. ರೈತರು ಬೀದಿಗೆ ಬಂದಿದ್ದರು. ಅಪ್ಪ ಹುಳು ಸಾಕುವುದನ್ನು ಬಹಳ ಕಡಿಮೆ ಮಾಡಿದ್ದರು. ಮನೆ ಕೆಡವಿದಾಗ ನಡುಮನೆ ಬಾಗಿಲನ್ನು ಯಾರೋ ದನದ ಕೊಟ್ಟಿಗೆಗೆ ಒರಗಿಸಿದ್ದರು. ಗೃಹಪ್ರವೇಶಕ್ಕೆ ಬಂದಿದ್ದ ಅಕ್ಕನೂ ನಾನೂ ಸೇರಿ ಅದನ್ನು ತಿರುಗಿಸಿ ಒರೆಸಿದೆವು. ಕೂತು ಎಣಿಸಿದೆವು.

ಒಟ್ಟು 93 ಸಾಲು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ದುಡಿಮೆ. 38 ಪಾಟಿ, 19 ಬೋರು, 14 ಸಾಲ, 9 ಮನೆ. 11 ಕಾಟು. ಬಳೆ ಎರಡು.

ಅಕ್ಕ ಆ ಎರಡು ಬಳೆ ಮೇಲೆ ಬೆರಳಿಟ್ಟು, "ಇದು ನಂದು" ಅಂದಳು. ಅವಳ ಓದಿಗೆ ಅಂತ ಒಂದು ಚೌಕವೂ ಇರಲಿಲ್ಲ. ಸರ್ಕಾರಿ ಶಾಲೆ, ದುಡ್ಡು ಬೇಕಾಗಿರಲಿಲ್ಲ. ನನಗಾಗಿ ಕೆಲವು ಚೌಕ, ಉಳಿದದ್ದೆಲ್ಲ ತಮ್ಮನಿಗೆ. ಆಮೇಲೆ ಅವಳು ಸಾಲು ಎಣಿಸಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದಳು. 1994ರ ಮಾರ್ಚಿನ ಬೆಳೆ. ಅವಳಿಗೆ ತೂಕ ನೆನಪಿತ್ತು, 96 ಕೆ.ಜಿ. ಆ ವರ್ಷದ ಅತಿ ಒಳ್ಳೆಯ ಬೆಳೆ ಅದು. ಅದರ ಮುಂದಿದ್ದ ಗುರುತು ಪಾಟಿ.

ನಾನು ಅಳಲು ಶುರುಮಾಡಿದೆ. ಅಕ್ಕ ಅಳಲಿಲ್ಲ. ಸೆರಗಿನಿಂದ ಬಾಗಿಲಿನ ಧೂಳು ಇನ್ನೊಂದು ಸಲ ಒರೆಸಿ, "ಗೂಡು ಚೆನ್ನಾಗಿ ಬಂದಿತ್ತು ಕಣೆ" ಅಂದಳು.

ನಮ್ಮಪ್ಪ ಕೆಟ್ಟವರು ಅಂತ ಹೇಳಲು ನಾನು ಇಲ್ಲಿಗೆ ಬಂದಿಲ್ಲ. ಅವರಷ್ಟು ಮಕ್ಕಳನ್ನು ಪ್ರೀತಿಸಿದ ಮನುಷ್ಯನನ್ನು ನಾನು ನೋಡಿಲ್ಲ. ಅಕ್ಕನ ಕೈ ಬಿಸಿನೀರಿಗೆ ಹೋಗಲಿಲ್ಲ, ಆ ಮಟ್ಟಿಗೆ ಅವರ ಕನಸು ಅವಳ ಪಾಲಿಗೂ ನಿಜವಾಯಿತು. ಆದರೆ ಸುಡುವುದು ಅವರಿಗೆ ಗೊತ್ತಾಗಲಿಲ್ಲ. ಲೋಟ ಕೊಟ್ಟಾಗ ಗೊತ್ತಾಗುತ್ತಿರಲಿಲ್ಲವಲ್ಲ, ಹಾಗೆ. ಯಾರಾದರೂ ಅಯ್ಯೋ ಅಂದರೆ ಮಾತ್ರ ಅವರಿಗೆ ತಿಳಿಯುತ್ತಿತ್ತು. ಅಕ್ಕ ಅಯ್ಯೋ ಅನ್ನಲಿಲ್ಲ.

ಈಗ ಬ್ಯಾಂಕಿನಲ್ಲಿ ನನ್ನ ಮೇಜಿನ ಮುಂದೆ ದಿನಾ ಅಪ್ಪಂದಿರು ಬಂದು ಕೂರುತ್ತಾರೆ. ಶಿಕ್ಷಣ ಸಾಲ ಕೇಳಲು ಬರುತ್ತಾರೆ. ಹೋದ ವರ್ಷ ಒಬ್ಬರು ಬಂದರು. ಮಗನಿಗೆ ಮ್ಯಾನೇಜ್‌ಮೆಂಟ್ ಸೀಟು, ಲಕ್ಷಗಟ್ಟಲೆ ಬೇಕು. ಜೊತೆಯಲ್ಲಿ ಮಗಳೂ ಬಂದಿದ್ದಳು, ಫಾರಂ ತುಂಬಿಸಲು. ಎಷ್ಟು ಚೆನ್ನಾಗಿ ತುಂಬಿಸಿದಳು ಅಂದರೆ ನಾನು ಒಂದು ಅಕ್ಷರವನ್ನೂ ತಿದ್ದಬೇಕಾಗಲಿಲ್ಲ. ಏನು ಓದುತ್ತಿದ್ದೀಯಮ್ಮ ಅಂದೆ. ಪಿಯುಸಿ ಆಯಿತು, 91 ಪರ್ಸೆಂಟು, ಈಗ ಮನೆಯಲ್ಲಿದ್ದೇನೆ ಅಂದಳು. ಅಪ್ಪ, "ಅವಳಿಗೂ ನೋಡ್ಬೇಕು ಮೇಡಂ, ಮೊದಲು ಇವನದು ಒಂದು ಆಗ್ಲಿ" ಅಂದರು. ನನ್ನ ಕಿವಿಗೆ ಅದು ಬೇರೆ ಥರ ಕೇಳಿಸಿತು. ಈ ಬೆಳೆ ಆಗಲಿ.

ಅವತ್ತು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು ಪತ್ರ ಬೇಡ, ಹೊರಗಿನ ಜಾಮೀನುದಾರರೂ ಬೇಡ. ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಿದರೆ ಸಾಕು. ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷ ಆದಮೇಲೆ. ಹೆಣ್ಣುಮಕ್ಕಳಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ಕಡಿಮೆ ಮಾಡುತ್ತವೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿದ್ಯಾಲಕ್ಷ್ಮಿ ಅಂತ ಯೋಜನೆ ಒಪ್ಪಿತು. ಪಟ್ಟಿಯಲ್ಲಿರುವ ಒಳ್ಳೆಯ ಕಾಲೇಜುಗಳಲ್ಲಿ ಸೀಟು ಸಿಕ್ಕಿದರೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ನಮ್ಮ ಅಕ್ಕನ ಕಾಲದಲ್ಲಿ ಇವು ಇರಲಿಲ್ಲ. ಇದ್ದರೂ ನಮ್ಮ ಮನೆಗೆ ಬಂದು ಹೇಳುವವರು ಇರಲಿಲ್ಲ.

ಇನ್ನೊಂದು. ಚಿಕ್ಕ ಹೆಣ್ಣುಮಕ್ಕಳಿದ್ದರೆ ನಿಮ್ಮಲ್ಲಿ ಸುಮಾರು ಜನ ಸುಕನ್ಯಾ ಸಮೃದ್ಧಿ ಖಾತೆ ತೆಗೆದಿದ್ದೀರಿ. ಒಳ್ಳೆಯದು. ಆದರೆ ಎಲ್ಲರೂ ಅದನ್ನು ಮದುವೆ ಸ್ಕೀಮು ಅಂತಲೇ ಕರೆಯುತ್ತೀರಿ. ಮಗಳು ಹತ್ತನೇ ಕ್ಲಾಸ್ ಪಾಸಾದ ಮೇಲೆ ಅಥವಾ ಹದಿನೆಂಟು ತುಂಬಿದ ಮೇಲೆ ಓದಿಗೆ ಅಂತ ಅದರಲ್ಲಿ ಅರ್ಧದವರೆಗೂ ತೆಗೆಯಬಹುದು. ಹೀಗೆ ತೆಗೆಯಲು ಬಂದ ಅಪ್ಪ ಅಮ್ಮಂದಿರನ್ನು ನಾನು ಬೆರಳೆಣಿಕೆಯಷ್ಟು ನೋಡಿದ್ದೇನೆ. ನಿಮ್ಮ ಬಾಗಿಲ ಹಿಂದೆಯೂ ಗುರುತುಗಳಿವೆ. ಇವತ್ತು ರಾತ್ರಿ ಊಟ ಆದಮೇಲೆ ಕೂತು ಎಣಿಸಿ. ಯಾವ ಮಗುವಿನ ಮುಂದೆ ಪಾಟಿ ಇದೆ, ಯಾವ ಮಗುವಿನ ಮುಂದೆ ಬಳೆ ಮಾತ್ರ ಇದೆ ನೋಡಿ. ಮಕ್ಕಳ ಮುಂದೆಯೇ ಎಣಿಸಿ.

ಅಪ್ಪನ ಕಥೆ ಇನ್ನೂ ಸ್ವಲ್ಪ ಇದೆ.

2019ರಲ್ಲಿ ಅಪ್ಪ ಜಮೀನು ಪಾಲು ಮಾಡಬೇಕು ಅಂದರು. ಪತ್ರ ಬರೆಯುವವರ ಹತ್ತಿರ ಮೂರೂ ಜನ ಹೋದೆವು. ಅವರು ರೂಢಿಯ ಮಾತು ಹೇಳಿದರು. ಹೆಣ್ಣುಮಕ್ಕಳದು ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸಿಬಿಡಿ, ಆಮೇಲೆ ತಕರಾರು ಇರಲ್ಲ. ಅಕ್ಕ ಪೆನ್ನು ತೆಗೆದುಕೊಂಡೇಬಿಟ್ಟಳು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಕರ್ನಾಟಕದಲ್ಲಿ ಕಾನೂನು ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅಕ್ಕ ಗಣಿತದಲ್ಲಿ ಫೇಲಾದ ಅದೇ ವರ್ಷ. 2005ರಲ್ಲಿ ದೇಶಕ್ಕೆಲ್ಲ ಅದೇ ಬಂತು. ಕಾಗದದಲ್ಲಿ ಹಕ್ಕು ಬಂದು ಇಷ್ಟು ವರ್ಷ ಆದರೂ ನಮ್ಮ ಹೆಣ್ಣುಮಕ್ಕಳು ತವರು ತಪ್ಪಿಹೋಗುತ್ತೆ ಅನ್ನುವ ಹೆದರಿಕೆಗೆ ಇನ್ನೂ ಸಹಿ ಹಾಕಿಕೊಡುತ್ತಲೇ ಇದ್ದಾರೆ. ನಮ್ಮದರಲ್ಲಿ ತಾತನ ಹದಿನೈದು ಗುಂಟೆಗೆ ಮಾತ್ರ ಆ ಮಾತು. ಉಳಿದದ್ದು ಅಪ್ಪನ ಸ್ವಂತ ದುಡಿಮೆಯದು. ಅವರು ಯಾರಿಗೆ ಬೇಕಾದರೂ ಕೊಡಬಹುದಿತ್ತು, ಯಾರೂ ಕೇಳುವ ಹಾಗಿರಲಿಲ್ಲ.

ಅಪ್ಪ ಅಕ್ಕನ ಕೈಯಿಂದ ಪೆನ್ನು ತಗೊಂಡರು. "ಇವಳದು ಬೇಡ. ಬೋರು ಇರೋ ಕಡೆ ಮೂವತ್ತು ಗುಂಟೆ ಇವಳ ಹೆಸರಿಗೆ ಬರೀರಿ" ಅಂದರು. ಪತ್ರ ಬರೆಯುವವರು ತಲೆ ಎತ್ತಿ ನೋಡಿದರು. ಮದುವೆ ಆಗಿರುವ ಮಗಳಿಗೆ ನೀರಿರುವ ಭಾಗವಾ ಅಂತ ಅವರಿಗೆ ಆಶ್ಚರ್ಯ. ಅಪ್ಪ ಹೇಳಿದ್ದು ಇಷ್ಟೇ. "ಅವಳ ಕೂಲಿ ಬಾಕಿ ಐತೆ."

ಏಳು ವರ್ಷ ಕೂಲಿ ಕಾಣದೆ ದುಡಿದವರು ಅವರು. ಬಾಕಿ ಅನ್ನುವ ಮಾತಿನ ಭಾರ ಅವರಿಗೆ ಗೊತ್ತಿತ್ತು. ತಮ್ಮ ಒಂದು ಮಾತೂ ಎದುರಾಡಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ಅವನೇ ರಿಜಿಸ್ಟ್ರೇಷನ್ ಖರ್ಚು ಕೊಟ್ಟ.

ಕೊಟ್ಟಿಗೆಯಲ್ಲಿದ್ದ ಬಾಗಿಲನ್ನು ಅಪ್ಪ ನೋಡಿದ್ದರಾ, ನಮ್ಮಿಬ್ಬರ ಮಾತು ಕೇಳಿಸಿಕೊಂಡಿದ್ದರಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕೇಳಿಲ್ಲ. ಕೇಳುವ ಧೈರ್ಯ ಬಂದಿಲ್ಲ. ಗಣಿತದ ಪುಸ್ತಕದ ಮೇಲೆ ಸೊಪ್ಪು ಹಾಕಿದ ರಾತ್ರಿಯನ್ನು ಮೂವತ್ತು ಗುಂಟೆ ವಾಪಸ್ ಕೊಡುವುದಿಲ್ಲ. ಅಪ್ಪನಿಗೂ ಅದು ಗೊತ್ತು ಅಂತ ಕಾಣುತ್ತದೆ. ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಅವರು ಯಾರ ಜೊತೆಗೂ ಮಾತಾಡಲಿಲ್ಲ.

ಅಕ್ಕ ಈಗ ಆ ಮೂವತ್ತು ಗುಂಟೆಯಲ್ಲಿ ವಿ-1 ತಳಿಯ ಹಿಪ್ಪುನೇರಳೆ ಕಡ್ಡಿ ಹಾಕಿದ್ದಾಳೆ. ತಟ್ಟೆ ಪದ್ಧತಿ ಬಿಟ್ಟು ರೆಂಬೆ ಪದ್ಧತಿಗೆ ಬಂದಿದ್ದಾಳೆ, ಎಲೆ ಬಿಡಿಸದೆ ರೆಂಬೆ ಸಮೇತ ಹಾಕುವುದರಿಂದ ಕೆಲಸ ಎಷ್ಟೋ ಕಡಿಮೆಯಾಗುತ್ತದೆ. ಬೈವೋಲ್ಟೀನ್ ಅನ್ನುವ ಒಳ್ಳೆಯ ತಳಿಯ ಗೂಡು ಬೆಳೆಯುತ್ತಾಳೆ. ಮಾರ್ಕೆಟ್ಟಿಗೆ ತಾನೇ ಹೋಗುತ್ತಾಳೆ. ದುಡ್ಡು ಅವಳ ಖಾತೆಗೇ ಬರುತ್ತದೆ. ಹೊಸ ಹುಳುಮನೆಯ ಬಾಗಿಲು ತಗಡಿನದು, ಅದರ ಹಿಂದೆ ಅವಳೇನೂ ಬರೆದಿಲ್ಲ. ನೋಟ್‌ಬುಕ್ ಇಟ್ಟಿದ್ದಾಳೆ.

ಅವಳ ಚಿಕ್ಕ ಮಗಳಿಗೆ ಹೋದ ವರ್ಷ ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ. ಪರೀಕ್ಷೆ ಹತ್ತಿರ ಬಂತು ಅಂತ ನಾನು ಒಂದು ವಾರ ರಜೆ ಹಾಕಿ ಸಹಾಯಕ್ಕೆ ಹೋದೆ. ಅಪ್ಪನೂ ಅಲ್ಲೇ ಇದ್ದರು. ಹೋಗಿ ನೋಡಿದರೆ ಹುಳುಮನೆ ಖಾಲಿ. ತೊಳೆದ ಸ್ಟ್ಯಾಂಡುಗಳ ಮಧ್ಯೆ ಒಂದು ಕುರ್ಚಿ, ಒಂದು ಮೇಜು, ಫ್ಯಾನು. ಹುಡುಗಿ ಅಲ್ಲಿ ಕೂತು ಓದುತ್ತಿದ್ದಳು. ಅಕ್ಕ ಆ ಸಲ ಚಾಕಿ ಹುಳುವನ್ನೇ, ಅಂದರೆ ಸಾಕಲು ತರುವ ಎಳೆ ಹುಳುವನ್ನೇ ತಂದಿರಲಿಲ್ಲ. ಮಾರ್ಕೆಟ್ಟಿನಲ್ಲಿ ಗೂಡಿಗೆ ಒಳ್ಳೆಯ ಬೆಲೆ ಇತ್ತು.

ಗಣಿತದ ಪರೀಕ್ಷೆ ದಿನ ಬೆಳಗ್ಗೆ ಅಪ್ಪ ತೋಟಕ್ಕೆ ಒಂದು ಸುತ್ತು ಹೋಗಿ ಬಂದರು. ಸೊಪ್ಪು ಆಳೆತ್ತರ ಬೆಳೆದು ಬಲಿತು ಒರಟಾಗಲು ಶುರುವಾಗಿತ್ತು. ಒಂದು ಎಲೆ ಕಿತ್ತು ಬೆರಳಲ್ಲಿ ಮಡಚಿ ನೋಡಿಕೊಂಡು ಬಂದಿದ್ದರು, ಕೈಯಲ್ಲೇ ಇತ್ತು. ಅಕ್ಕನ ಮುಖ ನೋಡಿದರು. ಏನೂ ಅನ್ನಲಿಲ್ಲ. ಎಲೆಯನ್ನು ಜಗಲಿಯ ಮೇಲಿಟ್ಟು, ಮೊಮ್ಮಗಳ ರಟ್ಟು, ಪೆನ್ನಿನ ಡಬ್ಬಿ ಎರಡನ್ನೂ ತಾವೇ ಎತ್ತಿಕೊಂಡು ಅವಳ ಜೊತೆ ಬಸ್ ಸ್ಟ್ಯಾಂಡಿನವರೆಗೂ ನಡೆದರು.